ಪಿಯುಸಿ ಅಂಕ ಯಾರಿಗೆ ಬೇಕು?

‘ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಎಂಜಿನಿಯರಿಂಗ್, ಕೃಷಿ, ಕಾನೂನು, ಬಿ.ಎಸ್‌ಸಿ – ಯಾವುದಕ್ಕೆ ಏನು ಕೇಳುತ್ತಾರೆ ಅಂತ ಪಟ್ಟಿ ಮಾಡಿದೆ. ಎಲ್ಲ ಕಡೆ ಎಂಟ್ರೆನ್ಸ್. ಹಾಗಾದರೆ ಪಿಯುಸಿ ಪಾಸಾದರೆ ಸಾಕಲ್ವಾ? ಸಾಲ ಮಾಡಿಯಾದರೂ ಪಿಯುಸಿ ಜೊತೆಗೇ ಎಂಟ್ರೆನ್ಸ್ ತರಬೇತಿ ಕೊಡುವ ಇಂಟಿಗ್ರೇಟೆಡ್ ಕೋಚಿಂಗ್ ಕಾಲೇಜಿಗೆ ಸೇರಿಸೋಣ ಅಂತಾರೆ ನಮ್ಮ ಯಜಮಾನರು.’
– ಓದುಗರೊಬ್ಬರು, ತಿಪಟೂರು

ಸಂಪಾದಕರ ಉತ್ತರ:

ಪಟ್ಟಿ ಮಾಡಿದ್ದಕ್ಕೆ ಮೊದಲು ನಿಮ್ಮನ್ನು ಮೆಚ್ಚಬೇಕು. ಬಹಳ ಮನೆಗಳಲ್ಲಿ ಪಿಸಿಎಂಬಿಗೆ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಸೇರಿಸಿ ಆದ ಮೇಲೆ ಮುಂದೇನು ಅಂತ ಯೋಚಿಸುತ್ತಾರೆ. ಆದರೆ ನಿಮ್ಮ ತೀರ್ಮಾನಕ್ಕೆ ನನ್ನ ಒಪ್ಪಿಗೆ ಇಲ್ಲ.

ಮೊದಲನೆಯದಾಗಿ, ಎಲ್ಲ ಕಡೆ ಎಂಟ್ರೆನ್ಸ್ ಇಲ್ಲ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಬಿ.ಎಸ್‌ಸಿ, ಬಿ.ಕಾಂಗೆ ಪಿಯುಸಿ ಅಂಕವೇ ಆಧಾರ. ಕಾನೂನಿಗೂ ಹೆಚ್ಚಿನ ಕಡೆ ಅಷ್ಟೇ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಬೇಕಾದರೆ ಕ್ಲಾಟ್ ಅನ್ನುವ ಎಂಟ್ರೆನ್ಸ್ ಬರೆಯಬೇಕು, ಅದೂ ಇಂಗ್ಲಿಷಿನಲ್ಲೇ. ಹುಬ್ಬಳ್ಳಿಯ ರಾಜ್ಯ ಕಾನೂನು ವಿವಿಗೆ ಸೇರಿದ ಕಾಲೇಜುಗಳ ಐದು ವರ್ಷದ ಕೋರ್ಸಿಗೆ ಸಾಮಾನ್ಯ ವರ್ಗದವರಿಗೆ ಪಿಯುಸಿಯಲ್ಲಿ ಶೇ 45 ಬಂದಿದ್ದರೆ ಅರ್ಜಿ ಹಾಕಬಹುದು.

ಇನ್ನು ಎಂಟ್ರೆನ್ಸ್ ಇರುವ ಕಡೆ. ಸುರತ್ಕಲ್ಲಿನ ಎನ್‌ಐಟಿಗೆ ಜೆಇಇ ಮೇನ್ ರ್‍ಯಾಂಕ್ ಬೇಕು. ಪಿಯುಸಿಯಲ್ಲಿ ಸಾಮಾನ್ಯವಾಗಿ ಶೇ 75 ಇರಬೇಕು ಅನ್ನುತ್ತಾರೆ, ಅಷ್ಟೇ. 75 ಬಂದರೂ 98 ಬಂದರೂ ರ್‍ಯಾಂಕಿನಲ್ಲಿ ವ್ಯತ್ಯಾಸವಿಲ್ಲ. ಮೆಡಿಕಲ್ಲಿನ ನೀಟ್ ಕೂಡ ಹೀಗೇ. ಇಲ್ಲಿಯವರೆಗೆ ನೀವು ಹೇಳಿದ್ದು ಸರಿ.

ನಮ್ಮ ಸಿಇಟಿ ಮಾತ್ರ ಬೇರೆ. ಎಂಜಿನಿಯರಿಂಗ್‌ಗೆ ಅರ್ಧ ಸಿಇಟಿ, ಅರ್ಧ ಪಿಯುಸಿ. ಲೆಕ್ಕ ಹಾಕಿ ನೋಡಿ. ಒಬ್ಬ ಹುಡುಗಿಗೆ ಪಿಸಿಎಂನಲ್ಲಿ 300ಕ್ಕೆ 285, ಅಂದರೆ ಶೇ 95. ಸಿಇಟಿಯಲ್ಲಿ 180ಕ್ಕೆ 108, ಶೇ 60. ಎರಡೂ ಸೇರಿ ಅರ್ಧ ಮಾಡಿದರೆ 77.5. ಇನ್ನೊಬ್ಬನಿಗೆ ಪಿಯುಸಿಯಲ್ಲಿ ಶೇ 70, ಸಿಇಟಿಯಲ್ಲಿ ಶೇ 80. ಅವನದು 75. ರ್‍ಯಾಂಕ್‌ಪಟ್ಟಿಯಲ್ಲಿ ಹುಡುಗಿಯೇ ಮುಂದೆ. ಎರಡು ವರ್ಷ ದಿನಾ ಕ್ಲಾಸಿಗೆ ಹೋಗಿ, ನೋಟ್ಸ್ ಬರೆದು, ಲ್ಯಾಬಿನಲ್ಲಿ ನಿಂತವಳಿಗೆ ಇಷ್ಟಾದರೂ ಸಿಗಬೇಡವೇ? ಇದು ಈ ರಾಜ್ಯ ಮಾಡಿದ ಒಳ್ಳೇ ಕೆಲಸಗಳಲ್ಲಿ ಒಂದು. ಯಾರಾದರೂ ಇದಕ್ಕೆ ಕೈ ಹಾಕಿದರೆ ನಾನು ಸುಮ್ಮನಿರುವವನಲ್ಲ.

ಎಂಟ್ರೆನ್ಸ್ ಪರವಾಗಿ ಹೇಳುವವರದೂ ಒಂದು ಮಾತಿದೆ. ಬೋರ್ಡಿನಿಂದ ಬೋರ್ಡಿಗೆ ಅಂಕ ಕೊಡುವ ರೀತಿ ಬೇರೆ. 2021ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳಲ್ಲಿ ಕಟ್‌ಆಫ್ ನೂರಕ್ಕೆ ನೂರು ಮುಟ್ಟಿತ್ತು. ಮಾರನೇ ವರ್ಷ ಸಿಯುಇಟಿ ಅನ್ನುವ ಎಂಟ್ರೆನ್ಸ್ ಬಂತು. ಸರಿ. ಹಾಗಂತ ಬೋರ್ಡಿನ ಅಂಕವನ್ನು ಪೂರ್ತಿ ಪಕ್ಕಕ್ಕಿಟ್ಟರೆ ಮಕ್ಕಳು ಕ್ಲಾಸಿಗೆ ಯಾಕೆ ಬರುತ್ತಾರೆ? ಎಂಟ್ರೆನ್ಸ್‌ನಲ್ಲೂ ಎಡವಟ್ಟು ಆಗುತ್ತದೆ. 2024ರ ನಮ್ಮ ಸಿಇಟಿಯಲ್ಲಿ ಸಿಲಬಸ್ಸಿನಲ್ಲೇ ಇಲ್ಲದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು.

ಕೋಚಿಂಗ್ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಗೆಳೆಯರೊಬ್ಬರು ಹೇಳಿದ್ದು: ಅಲ್ಲಿ ಲ್ಯಾಬ್ ಬಾಗಿಲು ತೆಗೆಯುವುದೇ ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗ. ಬ್ಯುರೆಟ್ ಅನ್ನುವ ನಲ್ಲಿಯುಳ್ಳ ಗಾಜಿನ ಕೊಳವೆಯಿಂದ ಹನಿ ಹನಿ ಬಿಡುತ್ತಾ, ದ್ರಾವಣ ತಿಳಿಗುಲಾಬಿ ಬಣ್ಣಕ್ಕೆ ತಿರುಗಿದ ಕೂಡಲೇ ನಲ್ಲಿ ತಿರುಗಿಸಿ ನಿಲ್ಲಿಸಬೇಕು. ಅಲ್ಲಿನ ಮಕ್ಕಳ ಕೈ ನಡುಗುತ್ತದಂತೆ. ಫ್ಲಾಸ್ಕ್ ಪೂರ್ತಿ ಕಡುಗುಲಾಬಿ. ಅದೇ ಪ್ರಶ್ನೆ ನಾಲ್ಕು ಆಯ್ಕೆ ಕೊಟ್ಟು ಕೇಳಿದರೆ ಕಣ್ಣು ಮುಚ್ಚಿ ಟಿಕ್ ಮಾಡುತ್ತಾರೆ.

ಕೃಷಿ ಪದವಿ ಬಗ್ಗೆಯೂ ಕೇಳಿದ್ದೀರಿ. ನಿಮಗೆ ಜಮೀನಿದ್ದರೆ ರೈತರ ಮಕ್ಕಳ ಕೋಟಾ ನೋಡಿ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಉಂಟು. ಬೀಜ, ಗೊಬ್ಬರ, ಸಲಕರಣೆ ಮುಂದಿಟ್ಟು ಇದೇನು ಅಂತ ಕೇಳುತ್ತಾರೆ. ಹೊಲದಲ್ಲಿ ಓಡಾಡಿದ ಮಗುವಿಗೆ ರಾಗಿ ಯಾವುದು, ನವಣೆ ಯಾವುದು ಅಂತ ಯಾವ ಕೋಚಿಂಗೂ ಹೇಳಿಕೊಡಬೇಕಿಲ್ಲ. ಇಂಥ ಪರೀಕ್ಷೆ ಕಂಡರೆ ನನಗೆ ತುಂಬಾ ಇಷ್ಟ.

ನಿಮ್ಮ ಮೇಲೆ ಒಂದು ಸಣ್ಣ ಕೋಪವೂ ಇದೆ. ಇಷ್ಟೆಲ್ಲ ಬರೆದವರು ಮಗಳು ಯಾವ ಮಾಧ್ಯಮದಲ್ಲಿ, ಎಲ್ಲಿ ಓದಿದಳು ಅಂತ ಬರೆದೇ ಇಲ್ಲ! ಒಂದರಿಂದ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮವಾಗಿದ್ದರೆ ರಾಜ್ಯದ ಸೀಟುಗಳಲ್ಲಿ ಶೇ 5 ಮೀಸಲು, ಹಳ್ಳಿ ಶಾಲೆಯಾಗಿದ್ದರೆ ಗ್ರಾಮೀಣ ಕೋಟಾ ಶೇ 15. ಹೆಡ್‌ಮಾಸ್ಟರ್ ಕೊಟ್ಟ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಸಿಇಟಿ ಹೊತ್ತಿನಲ್ಲಿ ಅಲೆಯುವ ಬದಲು ಈಗಲೇ ವಿಚಾರಿಸಿ ಇಟ್ಟುಕೊಳ್ಳಿ.

ಸಾಲ ಬೇಡ. ಹತ್ತಿರದ ಸರ್ಕಾರಿ ಪಿಯು ಕಾಲೇಜಿಗೆ ಹೋಗಿ, ಗಣಿತಕ್ಕೂ ಭೌತಶಾಸ್ತ್ರಕ್ಕೂ ಕಾಯಂ ಉಪನ್ಯಾಸಕರು ಇದ್ದಾರಾ ಅಂತ ಕೇಳಿ. ಇದ್ದರೆ ಕಣ್ಣು ಮುಚ್ಚಿ ಸೇರಿಸಿ. ಇಲ್ಲದಿದ್ದರೆ ಸಿಟ್ಟು ಮಾಡಬೇಕಾದ್ದು ನೀವೊಬ್ಬರೇ ಅಲ್ಲ, ನಾವೆಲ್ಲ. ಹುದ್ದೆ ಖಾಲಿ ಬಿಟ್ಟು, ಅತಿಥಿ ಉಪನ್ಯಾಸಕರಿಗೆ ಸಂಬಳ ತಡಮಾಡಿ, ಆಮೇಲೆ ಜನ ಖಾಸಗಿ ಕಡೆ ಹೋಗುತ್ತಾರೆ ಅಂತ ಸರ್ಕಾರ ಕೊರಗಿದರೆ ಯಾರು ನಂಬುತ್ತಾರೆ? ನಿಮ್ಮ ಕಾಲೇಜಿನಲ್ಲಿ ಹುದ್ದೆ ಖಾಲಿ ಇದ್ದರೆ ಯಾವ ವಿಷಯಕ್ಕೆ, ಎಷ್ಟು ಕಾಲದಿಂದ ಅಂತ ಬರೆದು ಕಳಿಸಿ. ಅಚ್ಚು ಹಾಕುತ್ತೇವೆ.