ಕೊಲ್ಲಿಯಲ್ಲಿ ಹುಟ್ಟಿದ ಮಗು ಯಾವ ದೇಶದ್ದು?

ಪ್ರಶ್ನೆ: ಮಗು ಕುವೈತಿನಲ್ಲಿ ಹುಟ್ಟಿ ಹತ್ತು ತಿಂಗಳಾಯಿತು. ಅಪ್ಪ, ಅಮ್ಮ ಇಬ್ಬರೂ ಭಾರತೀಯರು. ಅಲ್ಲಿನ ಜನನ ಪ್ರಮಾಣಪತ್ರ ಕೈಯಲ್ಲಿದೆ. ಅಷ್ಟು ಸಾಲದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಸಾಲದು. ಆ ಪತ್ರ ಹುಟ್ಟನ್ನು ಹೇಳುತ್ತದೆ, ಪೌರತ್ವವನ್ನಲ್ಲ. ತನ್ನ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಕುವೈತ್ ಪೌರತ್ವ ಕೊಡುವುದಿಲ್ಲ. ಇತ್ತ ನಮ್ಮ 1955ರ ಪೌರತ್ವ ಕಾಯ್ದೆಯ 4ನೇ ಕಲಂ ಪ್ರಕಾರ, 2004ರ ಡಿಸೆಂಬರ್ 3ರಿಂದೀಚೆಗೆ ಹೊರದೇಶದಲ್ಲಿ ಹುಟ್ಟಿದ ಮಗುವನ್ನು ಒಂದು ವರ್ಷದೊಳಗೆ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ಈ ಸಂದಿಯಲ್ಲೇ ಮಗು ಎಲ್ಲಿಯೂ ಸಲ್ಲದಂತಾಗುವುದು.

ನಿಮಗುಳಿದಿರುವುದು ಎರಡೇ ತಿಂಗಳು. ಜನನ ಪ್ರಮಾಣಪತ್ರ, ಇಬ್ಬರ ಪಾಸ್‌ಪೋರ್ಟ್, ಮದುವೆ ಪ್ರಮಾಣಪತ್ರ ಹಿಡಿದು ಅಪ್ಪ, ಅಮ್ಮ ಆ ಕಚೇರಿಗೆ ಹೋಗಲಿ. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಬರೆದುಕೊಡಬೇಕು. ಎಡವಟ್ಟಾಗುವುದು ಹೆಸರಿನಲ್ಲಿ: ಅರಬ್ಬಿಯಲ್ಲಿ ‘ಪ’ ಅಕ್ಷರವಿಲ್ಲ, ಅಪ್ಪ ಪ್ರಕಾಶ ಅಲ್ಲಿ ಬ್ರಕಾಶನಾಗಿರಬಹುದು. ಪಾಸ್‌ಪೋರ್ಟಿಗೆ ತಾಳೆಯಾಗದಿದ್ದರೆ ಮೊದಲು ಅಲ್ಲೇ ತಿದ್ದಿಸಿ.

1948ರ ಮಾನವ ಹಕ್ಕುಗಳ ಘೋಷಣೆಯ 15ನೇ ವಿಧಿ ಪ್ರತಿಯೊಬ್ಬರಿಗೂ ರಾಷ್ಟ್ರೀಯತೆಯ ಹಕ್ಕಿದೆ ಎನ್ನುತ್ತದೆ, ನಿಜ. ಆದರೆ ದೇಶವಿಲ್ಲದವರ ಸಂಖ್ಯೆ ತಗ್ಗಿಸುವ 1961ರ ಒಪ್ಪಂದಕ್ಕೆ ಭಾರತವೂ ಸೇರಿಲ್ಲ, ಕುವೈತೂ ಸೇರಿಲ್ಲ. ಕೌಂಟರಿನಲ್ಲಿ ಆ ಘೋಷಣೆ ಕೆಲಸಕ್ಕೆ ಬಾರದು. ವರ್ಷ ಮೀರಿದರೆ ಬಾಗಿಲು ಪೂರಾ ಮುಚ್ಚದು. ಕೇಂದ್ರ ಸರ್ಕಾರದ ಅನುಮತಿ ಪಡೆದು ನೋಂದಾಯಿಸಬೇಕು.