ಶಿಪ್‌ಯಾರ್ಡ್ ವೆಲ್ಡರ್ ಕೆಲ್ಸಕ್ಕೆ ಏಜೆನ್ಸಿಗೆ ಡೆಪಾಸಿಟ್ ಕೊಡ್ಬೋದಾ?

ಅಣ್ಣಾ, ನಿಮ್ಮ ತಮ್ಮನ ಕೆಲ್ಸಕ್ಕೆ ಏಜೆನ್ಸಿಯವ್ರು ಏನೇ ಕೇಳಿದ್ರೂ ಡೆಪಾಸಿಟ್ಟೂ ಬೇಡ, ಐಟಿಐ ಒರಿಜಿನಲ್ ಮಾರ್ಕ್ಸ್ ಕಾರ್ಡಂತೂ ಕೊಡ್ಲೇಬೇಡಿ. ಶಿರಾದಿಂದ ಅವನನ್ನ ಆರು ತಿಂಗಳು ಮಲ್ಪೆ ಕಡೆ ಶಿಪ್‌ಯಾರ್ಡಿಗೆ ಕಳ್ಸೋದ್ರಲ್ಲಿ ತಪ್ಪಿಲ್ಲ, ಆದ್ರೆ ಆಳು ಒದಗಿಸೋ ಈ ಏಜೆನ್ಸಿಗೆ, ಅಂದ್ರೆ ಮ್ಯಾನ್‌ಪವರ್ ಕಾಂಟ್ರಾಕ್ಟರ್‌ಗೆ, ಕಮಿಷನ್ ಕಂಪನಿಯಿಂದ ಬರುತ್ತೆ, ಹುಡುಗನ ಹತ್ರ ಯಾಕೆ ಕೇಳ್ಬೇಕು? ದಿನಕ್ಕೆ ಕೂಲಿ ಎಷ್ಟು, ಓಟಿ ಡಬಲ್ಲಾ, ರೂಮು ಊಟ ಯಾರ್ದು ಅಂತ ಕಾಗದದಲ್ಲಿ ಬರ್ಕೊಡ್ಲಿ, ಯುಎಎನ್ ನಂಬರ್ (ಪಿಎಫ್‌ಗೆ ಕೊಡೋ ಗುರುತಿನ ನಂಬರ್) ಇಸ್ಕೊಂಡ್ರೆ ಪಿಎಫ್ ಕಟ್ತಿದಾರಾ ಅಂತ ಮೊಬೈಲಲ್ಲೇ ನೋಡ್ಬೋದು. ಕಾಂಟ್ರಾಕ್ಟರ್ ಕೈ ಎತ್ತಿದ್ರೆ ಕೆಲ್ಸ ಮಾಡಿಸ್ಕೊಳ್ಳೋ ಮೂಲ ಕಂಪನಿನೇ ಸಂಬಳ ಕೊಡ್ಬೇಕು ಅಂತ ಕಾನೂನಿದೆ, ಅದಕ್ಕೇ ಗೇಟ್ ಪಾಸು, ಹಾಜರಿ ಎಲ್ಲಾ ಫೋಟೋ ಹೊಡ್ದಿಟ್ಕೊಳ್ಲಿ.

ಮುಖ್ಯವಾದ್ದು ಇನ್ನೊಂದಿದೆ. ತುಮಕೂರು ಹತ್ರ ವಸಂತನರಸಾಪುರ ಇಂಡಸ್ಟ್ರಿಯಲ್ ಏರಿಯಾದ ಶೆಡ್ಡಲ್ಲಿ ಟ್ರಸ್ (ಚಾವಣಿ ಹೊರೋ ಕಬ್ಬಿಣದ ಚೌಕಟ್ಟು) ವೆಲ್ಡಿಂಗ್ ಮಾಡಿದವರಿಗೆ ಹಡಗಿನ ಕೆಲ್ಸ ಬೇರೆನೇ, ತಳದ ಟ್ಯಾಂಕಿಗೆ ಮ್ಯಾನ್‌ಹೋಲಲ್ಲಿ ತೂರ್ಕೊಂಡು ಹೋಗಿ ಅಂಗಾತ ಮಲಗಿ ವೆಲ್ಡ್ ಮಾಡೋದಿರುತ್ತೆ, ಒಳಗೆ ಗಾಳಿ ಆಡಲ್ಲ. ಟ್ಯಾಂಕಿನೊಳಗಿನ ಗಾಳಿದು ಗ್ಯಾಸ್ ಚೆಕ್ ಆಗಿರ್ಬೇಕು, ಗಾಳಿ ಊದೋ ಬ್ಲೋವರ್ ಓಡ್ತಿರ್ಬೇಕು, ಹೊರಗೆ ಒಬ್ಬ ಕಾಯ್ತಾ ನಿಂತಿರ್ಬೇಕು, ಇಲ್ದಿದ್ರೆ ಸೂಪರ್‌ವೈಸರ್ ಎಷ್ಟೇ ಅವಸರ ಮಾಡಿದ್ರೂ ಇಳೀಬೇಡ ಅಂತ ತಮ್ಮಂಗೆ ಈಗ್ಲೇ ಹೇಳಿ ದಯವಿಟ್ಟು. 3ಜಿ (ನೆಟ್ಟಗಿರೋ ಪ್ಲೇಟಲ್ಲಿ ಲಂಬವಾಗಿ ವೆಲ್ಡ್ ಮಾಡೋದು), 4ಜಿ (ತಲೆ ಮೇಲೆ ವೆಲ್ಡ್ ಮಾಡೋದು) ಅನ್ನೋ ವೆಲ್ಡಿಂಗ್ ಟೆಸ್ಟಿಗೆ ಇಲ್ಲೇ ಕೈ ಪಳಗಿಸ್ಕೊಂಡು ಹೋದ್ರೆ ಕೂಲಿನೂ ಜಾಸ್ತಿ ಕೇಳ್ಬೋದು.