ಅದು ಬೇರೆ ಗ್ಲಾಕಸ್ ಸಾರ್

ಗ್ರೀಕ್ ಪುರಾಣದಲ್ಲಿ ಜೇನಿನ ಗುಡಾಣಕ್ಕೆ ಬಿದ್ದು ಸತ್ತ ಹುಡುಗ ಗ್ಲಾಕಸ್ ಟ್ರಾಯ್ ಯುದ್ಧಕ್ಕೆ ಹೇಗೆ ಬಂದ ಅಂತ ಕೇಳಿದ್ದೀರಲ್ಲ, ಅವರಿಬ್ಬರೂ ಬೇರೆ ಬೇರೆ. ಗುಡಾಣಕ್ಕೆ ಬಿದ್ದವನು ಕ್ರೀಟ್ ರಾಜ ಮಿನೋಸನ ಮಗ. ಒಂದು ಹಾವು ಸತ್ತ ಇನ್ನೊಂದು ಹಾವಿನ ಮೇಲೆ ಸೊಪ್ಪು ಹಾಕಿ ಬದುಕಿಸಿದ್ದನ್ನು ಪಾಲಿಯಿಡಸ್ ಅನ್ನೋ ಕಣಿ ಹೇಳುವವನು ನೋಡಿ, ಅದೇ ಸೊಪ್ಪಿನಿಂದ ಇವನನ್ನೂ ಎಬ್ಬಿಸಿದ. ಟ್ರಾಯ್‌ಗೆ ಬಂದವನು ಲಿಸಿಯಾದವನು (ಈಗಿನ ಟರ್ಕಿಯ ದಕ್ಷಿಣ ಕರಾವಳಿ). ಯುದ್ಧದ ಮಧ್ಯೆ, ಎದುರಾಳಿ ಗ್ರೀಕ್ ವೀರ ಡಯೊಮಿಡೀಸನ ಮನೆಗೂ ತಮ್ಮ ಮನೆಗೂ ತಾತಂದಿರ ಕಾಲದ ಸ್ನೇಹ ಇದೆ ಅಂತ ಗೊತ್ತಾಗಿದ್ದೇ ತಡ, 100 ಎತ್ತಿನ ಬೆಲೆಯ ಚಿನ್ನದ ಕವಚ ಕೊಟ್ಟು 9 ಎತ್ತಿನ ಬೆಲೆಯ ಕಂಚಿನದು ತಗೊಂಡ ಭೂಪ! ಇವನ ಮುತ್ತಾತನ ಹೆಸರೂ ಗ್ಲಾಕಸ್ಸೇ, ಅವನನ್ನು ಅವನ ಕುದುರೆಗಳೇ ತಿಂದು ಹಾಕಿದವು. ತಲೆ ಕೆಡುತ್ತೆ ಅಲ್ವಾ. ಸೊಪ್ಪು ತಿಂದು ಸಮುದ್ರ ದೇವರಾದ ಬೆಸ್ತ ಗ್ಲಾಕಸ್ ಮತ್ತೊಬ್ಬ.